ಸ್ಟಿಯರಿಂಗ್ ಹಿಡಿದ ‘ನಾನು’

ಕೆಫ್ಲಾವಿಕ್ ವಿಮಾನ ನಿಲ್ದಾಣದ ಹೊರಗೆ ಬಾಡಿಗೆ ಕಾರಿನ ಕೀ ಕೊಟ್ಟ ಹುಡುಗ ಎರಡು ಎಚ್ಚರಿಕೆ ಹೇಳಿದ. ಬಾಗಿಲು ತೆಗೆಯುವಾಗ ಗಟ್ಟಿಯಾಗಿ ಹಿಡಿದುಕೊಳ್ಳಿ, ಗಾಳಿ ಕಿತ್ತುಹಾಕಿದರೆ ವಿಮೆ ಸಿಗುವುದಿಲ್ಲ. ರಸ್ತೆ ಬಿಟ್ಟು ನೆಲಕ್ಕೆ ಗಾಡಿ ಇಳಿಸಬೇಡಿ, ಇಲ್ಲಿ ಅದು ಅಪರಾಧ. ಆಮೇಲೆ ಫಾರಂ ನೋಡುತ್ತಾ, ‘ಎರಡನೇ ಡ್ರೈವರ್ ಯಾರು?’ ಎಂದು ಕೇಳಿದ. ಯಾರೂ ಇಲ್ಲ ಎಂದೆ. ಆ ಖಾನೆಗೆ ಒಂದು ಗೀಟು ಎಳೆದು ಸಹಿ ಹಾಕಿಸಿಕೊಂಡ.

ಕಾರಿನೊಳಗೆ ಕೂತು ಗೇರಿಗೆಂದು ಎಡಗೈ ಚಾಚಿದರೆ ಅದು ಬಾಗಿಲಿಗೆ ಬಡಿಯಿತು. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಓಡಿಸಿದೆ. ಇಪ್ಪತ್ತು ವರ್ಷ ಮೈಸೂರು, ಹಾಸನ, ಮಡಿಕೇರಿ ಎಂದು ಗಾಡಿ ಓಡಿಸಿದ ಮೈಗೆ ಎಲ್ಲವೂ ಕನ್ನಡಿಯೊಳಗಿನ ಹಾಗೆ ತಿರುಗುಮುರುಗು. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಅಲ್ಲಿ ರಾತ್ರಿ ಎಂಟೂವರೆ, ಇಲ್ಲಿ ಮಧ್ಯಾಹ್ನ ಮೂರು. ‘ಮುಟ್ಟಿದ್ಯಾ? ಎಷ್ಟು ಜನ ಇದೀರಾ?’ ಅಂದಳು. ‘ಮೂರು ಜನ ಅಮ್ಮ’ ಅಂದೆ. ಪಕ್ಕದ ಸೀಟಿನಲ್ಲಿ ನನ್ನ ಬ್ಯಾಗು, ಹಿಂದಿನ ಸೀಟಿನಲ್ಲಿ ಬ್ರೆಡ್ಡು ಮತ್ತು ಚಟ್ನಿಪುಡಿಯ ಡಬ್ಬ. ಲೆಕ್ಕ ಸರಿಯಾಗಿಯೇ ಇತ್ತು.

ಇದು ಪ್ರವಾಸ ಕಥನವಲ್ಲ. ಆ ಗೀಟು ಎಳೆದ ಖಾನೆ ಮತ್ತು ಅಮ್ಮನಿಗೆ ಹೇಳಿದ ಸುಳ್ಳು, ಇವೆರಡರ ನಡುವೆ ನಿಂತು ನಾನು ಓದಿದ ಕೆಲವು ಪ್ರವಾಸ ಪುಸ್ತಕಗಳನ್ನು ಮತ್ತೆ ಓದುವ ಪ್ರಯತ್ನ. ಪ್ರವಾಸ ಕಥನದ ‘ನಾನು’ ಎಷ್ಟು ಜನ ಎಂಬುದು ನನ್ನ ಪ್ರಶ್ನೆ.

ಕನ್ನಡದ ಪ್ರವಾಸ ಸಾಹಿತ್ಯ ಬಹುಮಟ್ಟಿಗೆ ಕಿಟಕಿ ಪಕ್ಕದ ಸೀಟಿನ ಸಾಹಿತ್ಯ. ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’, ಇವುಗಳಲ್ಲಿ ‘ನಾನು’ ಇನ್ನೊಬ್ಬರು ನಡೆಸುವ ವಾಹನದಲ್ಲಿ ಕೂತವನು. ಹಾಗೆ ಕೂತದ್ದರಿಂದಲೇ ಅವನಿಗೆ ನೋಡಲು, ಮಾತಾಡಲು, ತನ್ನ ಊರನ್ನು ನೆನೆದು ಹೋಲಿಸಲು ಪುರಸೊತ್ತು. ಗೊರೂರರ ಪುಸ್ತಕದ ಹೆಸರನ್ನೇ ನೋಡಿ. ಅಮೆರಿಕಕ್ಕೆ ಹೋದದ್ದು ಒಬ್ಬ ವ್ಯಕ್ತಿಯೋ ಹೇಮಾವತಿ ದಂಡೆಯ ಒಂದು ಊರೋ ಎಂದು ಹೇಳಲಾಗದ ಹಾಗಿದೆ. ತೇಜಸ್ವಿಯವರ ಅಂಡಮಾನಿನಲ್ಲಂತೂ ಗೆಳೆಯರು, ಗಾಳ, ಮೀನು, ಜಗಳ ಎಲ್ಲ ಸೇರಿ ಒಂದು ಸಂತೆಯೇ ಇದೆ. ನಮ್ಮ ಒಳ್ಳೆಯ ಪ್ರವಾಸ ಕಥನಗಳು ಜನರಿಂದ ತುಂಬಿವೆ.

ಈಚೆಗೆ ಜಾಲತಾಣಗಳಲ್ಲಿ, ಯೂಟ್ಯೂಬಿನಲ್ಲಿ ಇನ್ನೊಂದು ಬಗೆ ಬೆಳೆದಿದೆ. ವಿದೇಶಕ್ಕೆ ಹೋಗಿ, ಕಾರು ಬಾಡಿಗೆಗೆ ಹಿಡಿದು, ತಾವೇ ಓಡಿಸಿಕೊಂಡು ದೇಶ ಸುತ್ತಿ ಬಂದವರ ಬರಹ. ಇದರಲ್ಲಿ ಕಿಲೋಮೀಟರ್ ಇದೆ, ಪೆಟ್ರೋಲಿನ ಬೆಲೆ ಇದೆ, ಡ್ರೋನಿನಿಂದ ತೆಗೆದ ರಸ್ತೆ ಇದೆ. ಮನುಷ್ಯರು ಮಾತ್ರ ಕಡಿಮೆ. ಇದನ್ನು ಬರೆಯುವವರ ಅಹಂಕಾರ ಎಂದು ಸುಲಭವಾಗಿ ತಳ್ಳಿಹಾಕಿಬಿಡುತ್ತಿದ್ದೆ. ನಾನೇ ಓಡಿಸಿದ ಮೇಲೆ ಕಾರಣ ಬೇರೆ ಇದೆ ಅನ್ನಿಸಿತು. ಐಸ್‌ಲ್ಯಾಂಡಿನ ಡಾಂಬರು ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 90 ಕಿಲೋಮೀಟರ್. ಅಂದರೆ ಸೆಕೆಂಡಿಗೆ 25 ಮೀಟರ್. ಬಲಗಡೆ ಜಲಪಾತ ಕಂಡಿತೆಂದು ಎರಡು ಸೆಕೆಂಡು ತಿರುಗಿದರೆ 50 ಮೀಟರ್ ರಸ್ತೆಯನ್ನು ಕುರುಡಾಗಿ ದಾಟಿರುತ್ತೇನೆ. ಅಷ್ಟರಲ್ಲಿ ಒಂದು ಕುರಿ, ಅದರ ಹಿಂದೆ ಎರಡು ಮರಿ ರಸ್ತೆಗೆ ಬಂದಿರಬಹುದು. ಬೇಸಿಗೆಯಲ್ಲಿ ಅಲ್ಲಿ ಕುರಿಗಳನ್ನು ಮೇಯಲು ಬಿಟ್ಟಿರುತ್ತಾರೆ. ಓಡಿಸುವವರಿಗೆ ನೋಡಲಾಗುವುದಿಲ್ಲ, ನೋಡುವವರು ಓಡಿಸಲಾಗದು. ಒಬ್ಬರೇ ಹೋದರೆ ಎರಡೂ ಕೆಲಸ ಒಬ್ಬರ ತಲೆಯ ಮೇಲೆ ಬೀಳುತ್ತದೆ, ಎರಡೂ ಅರ್ಧಂಬರ್ಧ ಆಗುತ್ತವೆ.

ಬೇಕಾದಲ್ಲಿ ನಿಲ್ಲಿಸಬಹುದು ಎಂಬುದೇ ಸ್ವಂತ ಚಾಲನೆಯ ದೊಡ್ಡ ಆಕರ್ಷಣೆ. ಅದೂ ಪೂರ್ತಿ ನಿಜವಲ್ಲ. ಐಸ್‌ಲ್ಯಾಂಡನ್ನು ಸುತ್ತುವ ಒಂದನೇ ನಂಬರ್ ರಸ್ತೆ ಸುಮಾರು 1,320 ಕಿಲೋಮೀಟರ್ ಉದ್ದವಿದೆ, ಬಹುಪಾಲು ಕಡೆ ಅದಕ್ಕೆ ಅಂಚೇ ಇಲ್ಲ. ಡಾಂಬರು ಮುಗಿದರೆ ಇಳಿಜಾರು. ಚೆಂದ ಕಂಡಿತೆಂದು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವ ಪ್ರವಾಸಿಗರೆಂದರೆ ಅಲ್ಲಿಯವರಿಗೆ ತಲೆನೋವು. ಹಾಗಾಗಿ ನೀವು ನಿಲ್ಲುವುದು ನಿಲ್ಲಲು ಜಾಗ ಮಾಡಿಟ್ಟಲ್ಲಿ. ನಾನು ನನ್ನ ದಾರಿ ಹಿಡಿದೆ ಎಂದು ಬರೆಯುವವರೆಲ್ಲ ಒಂದು ಪಾರ್ಕಿಂಗಿನಿಂದ ಇನ್ನೊಂದು ಪಾರ್ಕಿಂಗಿಗೆ ಹೋದವರು. ನಾನೂ.

ಒಬ್ಬರೇ ಎಂಬ ಮಾತಿಗೆ ಬರುತ್ತೇನೆ. ರಸ್ತೆ ಪ್ರವಾಸದ ಪ್ರಸಿದ್ಧ ಪುಸ್ತಕಗಳಲ್ಲಿ ಈ ಮಾತು ಎಷ್ಟು ಜಾರುತ್ತದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಸ್ಟೈನ್‌ಬೆಕ್ 1960ರಲ್ಲಿ ಒಂದು ಟ್ರಕ್ಕಿನ ಮೇಲೆ ಪುಟ್ಟ ಮನೆ ಕಟ್ಟಿಸಿಕೊಂಡು, ಅದಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟು, ಚಾರ್ಲಿ ಎಂಬ ನಾಯಿಯನ್ನು ಕೂರಿಸಿಕೊಂಡು ಅಮೆರಿಕ ಸುತ್ತಲು ಹೊರಟ. 1962ರಲ್ಲಿ ಪುಸ್ತಕ ಬಂತು, ಅದೇ ವರ್ಷ ನೊಬೆಲ್ ಕೂಡ. ಸುಮಾರು ಅರ್ಧ ಶತಮಾನದ ಮೇಲೆ ಪತ್ರಕರ್ತನೊಬ್ಬ ಅದೇ ದಾರಿಯಲ್ಲಿ ಹೋಗಿ, ಹಸ್ತಪ್ರತಿ ಮತ್ತು ಪತ್ರಗಳನ್ನು ನೋಡಿ, ಹೆಂಡತಿ ಇಲೇನ್ ಅವನ ಜೊತೆಗಿದ್ದ ದಿನಗಳು ಪುಸ್ತಕ ಕಾಣಿಸುವುದಕ್ಕಿಂತ ಎಷ್ಟೋ ಹೆಚ್ಚು ಎಂದು ವಾದಿಸಿದ. ಐವತ್ತನೇ ವರ್ಷದ ಆವೃತ್ತಿಯ ಮುನ್ನುಡಿಯಲ್ಲಿ ಇದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ ಎಂಬ ಎಚ್ಚರಿಕೆ ಸೇರಿತು. ಸ್ಟೈನ್‌ಬೆಕ್ ಸುಳ್ಳುಗಾರ ಎಂದು ಸಾಧಿಸುವುದು ನನಗೆ ಬೇಕಿಲ್ಲ. ಒಂಟಿ ಗಂಡಸು, ಒಂದು ನಾಯಿ, ಒಂದು ರಸ್ತೆ ಎಂಬ ಚಿತ್ರಕ್ಕಾಗಿ ಪುಸ್ತಕದಿಂದ ಮೊದಲು ಇಳಿಸಿದ್ದು ಹೆಂಡತಿಯನ್ನು. ನನ್ನನ್ನು ಕಾಡುವುದು ಅದು.

ಸ್ವಿಟ್ಸರ್ಲೆಂಡಿನ ಎಲಾ ಮೈಯಾರ್ 1939ರಲ್ಲಿ ಗೆಳತಿ ಆನ್‌ಮಾರೀ ಶ್ವಾರ್ಟ್ಸೆನ್‌ಬಾಖ್ ಜೊತೆ ಜಿನೀವಾದಿಂದ ಕಾಬೂಲಿಗೆ ಫೋರ್ಡ್ ಕಾರಿನಲ್ಲಿ ಹೋದಳು. ಗೆಳತಿಗೆ ಮಾರ್ಫೀನಿನ ಚಟ. ಅವಳನ್ನು ಅದರಿಂದ ಬಿಡಿಸುವುದು ಮೈಯಾರಳ ಆಸೆ, ಅದು ಕೈಗೂಡಲಿಲ್ಲ. ಯುದ್ಧದ ವರ್ಷಗಳನ್ನು ಮೈಯಾರ್ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ರಮಣರ ಬಳಿ ಕಳೆದಳು. ಅಷ್ಟರಲ್ಲಿ, 1942ರಲ್ಲಿ, ಗೆಳತಿ ತೀರಿಕೊಂಡಿದ್ದಳು. 1947ರಲ್ಲಿ ಪುಸ್ತಕ ಹೊರಬಂದಾಗ ಅದರಲ್ಲಿ ಶ್ವಾರ್ಟ್ಸೆನ್‌ಬಾಖಳ ಹೆಸರಿಲ್ಲ, ಕ್ರಿಸ್ಟೀನಾ ಎಂಬ ಹೆಸರಿದೆ. ಹೆಸರು ಬೇಡ ಎಂದದ್ದು ಸತ್ತವಳ ತಾಯಿ. ಇಲ್ಲಿಯೂ ಜೊತೆಯವಳ ಗುರುತು ಮರೆಯಾಗಿದೆ, ಆದರೆ ಪುಸ್ತಕ ಅವಳನ್ನು ಬಿಟ್ಟು ಹೋಗುವುದಿಲ್ಲ. ಪ್ರತಿ ಪುಟದಲ್ಲಿ ಮೈಯಾರಳ ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಪಕ್ಕದ ಸೀಟಿನ ಮೇಲೆ. ನಾನು ಓದಿದ ಕಾರು ಪ್ರವಾಸಗಳಲ್ಲಿ ಇದು ಶ್ರೇಷ್ಠವಾಗಿರುವುದು ಅದರಿಂದಲೇ. ನಿಕೊಲಾ ಬೂವಿಯೇ 1953ರಲ್ಲಿ ಗೆಳೆಯನೊಬ್ಬನೊಂದಿಗೆ ಪುಟಾಣಿ ಫಿಯಾಟ್ ಹತ್ತಿ ಯುಗೋಸ್ಲಾವಿಯಾದಿಂದ ಖೈಬರ್ ಕಣಿವೆಯವರೆಗೆ ಹೋದ. ಆ ಕಾರು ಕೆಟ್ಟು ನಿಂತಾಗಲೆಲ್ಲ ಪುಸ್ತಕದೊಳಕ್ಕೆ ಜನ ಬರುತ್ತಾರೆ. ಮೆಕ್ಯಾನಿಕ್ಕು, ಲಾರಿ ಚಾಲಕರು, ಚಹಾ ಕೊಡುವವರು. ಕೆಡದ ಕಾರು ಪ್ರವಾಸ ಸಾಹಿತ್ಯಕ್ಕೆ ಮಾಡಿದ ನಷ್ಟದ ಬಗ್ಗೆ ಯಾರಾದರೂ ಬರೆಯಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನನ್ನೊಳಗಿನಿಂದಲೇ ಬರುತ್ತದೆ. ಕನ್ನಡದಲ್ಲಿ ‘ಒಬ್ಬನೇ ಹೋದ’ ಎಂದರೆ ಸುದ್ದಿ. ‘ಒಬ್ಬಳೇ ಹೋದಳು’ ಎಂದರೆ ದೂರು, ಇಲ್ಲವೇ ಆತಂಕ. ಕಾರಂತರು ಯುರೋಪಿಗೆ ಹೊರಟಾಗ ಜೊತೆಗೆ ಯಾರು ಎಂಬುದು ಓದುಗರಿಗೆ ಹೊಳೆಯುವ ಪ್ರಶ್ನೆಯೇ ಅಲ್ಲ. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿ, ಕನ್ನಡದ ಹೆಣ್ಣುಮಗಳೊಬ್ಬಳು ಅಷ್ಟು ದೂರ ಹೋಗಿ ಬಂದು ಬರೆಯಬಹುದು ಎಂದು ಮೊದಲ ಸಲ ನಂಬಿದ ತಲೆಮಾರು ನನ್ನದು. ಹಾಗಿರುವಾಗ ಇಂದಿನ ಹುಡುಗಿಯೊಬ್ಬಳು ‘ಒಬ್ಬಳೇ’ ಎಂಬ ಪದವನ್ನು ದಪ್ಪ ಅಕ್ಷರದಲ್ಲಿ ಬರೆದರೆ ಅದನ್ನು ಜಂಬ ಎನ್ನಲು ನನಗೆ ಮನಸ್ಸಿಲ್ಲ. ಆ ಪದವನ್ನು ದೂರಿನ ಪಟ್ಟಿಯಿಂದ ಕಿತ್ತು ತನ್ನದು ಮಾಡಿಕೊಳ್ಳುವ ಕೆಲಸ ಅದು. ನನಗೆ ಆ ಧೈರ್ಯ ಸಾಲಲಿಲ್ಲ. ಐವತ್ತೊಂದನೇ ವಯಸ್ಸಿನಲ್ಲಿ, ಸ್ವಂತ ಸಂಬಳದಲ್ಲಿ, ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋದವಳು ಅಮ್ಮನಿಗೆ ಮೂರು ಜನ ಅಂದೆ. ಗೆಳತಿಯರ ಗುಂಪಿಗೆ ‘ಒಬ್ಬಳೇ’ ಎಂದು ಬರೆದು ಹಾಕಿದೆ. ಒಂದೇ ದಿನ ಎರಡು ಪ್ರವಾಸ ಕಥನ, ಎರಡೂ ಆಯಾ ಓದುಗರಿಗೆ ತಕ್ಕ ಹಾಗೆ.

ಆ ಎರಡನೆಯದೂ ಸುಳ್ಳು ಎಂದು ತಿಳಿದದ್ದು ದಕ್ಷಿಣ ಐಸ್‌ಲ್ಯಾಂಡಿನ ಮರಳು ಬಯಲಿನಲ್ಲಿ. ಹಿಮನದಿಗಳು ಕರಗಿ ಹರಿದು ತಂದು ಹಾಕಿದ ಕಪ್ಪು ಮರಳು ಅದು. 1974ರವರೆಗೆ ಅಲ್ಲಿ ರಸ್ತೆ ಇರಲಿಲ್ಲ. ದ್ವೀಪದ ಸುತ್ತಿನ ದಾರಿ ಈ ಒಂದು ಕಡೆ ತುಂಡಾಗಿತ್ತು. ಆ ವರ್ಷ ಸ್ಕೇದಾರಾ ಮರಳಿನ ಮೇಲೆ ಸೇತುವೆಗಳು ಮುಗಿದು ಸುತ್ತು ಪೂರ್ತಿಯಾಯಿತು. 1996ರ ನವೆಂಬರಿನಲ್ಲಿ ಹಿಮದ ಕೆಳಗಿನ ಜ್ವಾಲಾಮುಖಿಯಿಂದ ಬಂದ ಪ್ರವಾಹ ಒಂದು ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಚಕ್ಕುಲಿಯ ಹಾಗೆ ತಿರುಚಿಕೊಂಡ ಅದರ ಉಕ್ಕಿನ ತೊಲೆಗಳನ್ನು ರಸ್ತೆ ಪಕ್ಕದಲ್ಲಿ ನೆನಪಿಗಾಗಿ ಇಟ್ಟಿದ್ದಾರೆ. ನಾನು ಅದರ ಮೇಲೆ ಕೈಯಿಟ್ಟು ನಿಂತೆ. ನನ್ನ ‘ಒಬ್ಬಳೇ’ಯ ಕೆಳಗೆ ಎಷ್ಟು ಜನ ನೀರಿನಲ್ಲಿ ನಿಂತು ಕಂಬ ನೆಟ್ಟಿದ್ದಾರೆ ಎಂಬ ಲೆಕ್ಕ ನನ್ನಲ್ಲಿರಲಿಲ್ಲ.

ಐಸ್‌ಲ್ಯಾಂಡಿನ ಸಾಹಿತ್ಯಕ್ಕೆ ಈ ವಿಷಯ ಹೊಸದಲ್ಲ. ಹೊರಡುವುದು, ನಿಲ್ಲುವುದು, ಹಿಂತಿರುಗುವುದು ಅದರ ಹಳೆಯ ವಸ್ತು. ಹದಿಮೂರನೇ ಶತಮಾನದ ‘ನ್ಯಾಲನ ಸಾಗಾ’ದಲ್ಲಿ ಗುನ್ನಾರ್ ಎಂಬ ವೀರನಿಗೆ ಮೂರು ವರ್ಷ ದೇಶ ಬಿಟ್ಟಿರುವ ಶಿಕ್ಷೆಯಾಗುತ್ತದೆ. ಹೋದರೆ ಬದುಕು, ಉಳಿದರೆ ಸಾವು ಎಂದು ಸ್ನೇಹಿತ ನ್ಯಾಲ್ ಮೊದಲೇ ಎಚ್ಚರಿಸಿದ್ದಾನೆ. ತಮ್ಮ ಕೋಲ್‌ಸ್ಕೆಗ್ಗುರ್ ಜೊತೆ ಹಡಗು ಹತ್ತಲು ಹೊರಟವನ ಕುದುರೆ ದಾರಿಯಲ್ಲಿ ಮುಗ್ಗರಿಸುತ್ತದೆ. ಅವನು ಕೆಳಕ್ಕೆ ಹಾರುತ್ತಾನೆ. ಹಿಂದಿರುಗಿ ನೋಡಿದರೆ ತನ್ನ ಮನೆಯ ಇಳಿಜಾರು ಹಿಂದೆಂದೂ ಇಲ್ಲದಷ್ಟು ಚೆಂದ ಕಾಣುತ್ತದೆ. ಹೋಗುವುದಿಲ್ಲ ಎಂದುಬಿಡುತ್ತಾನೆ. ತಮ್ಮ ಹೋಗುತ್ತಾನೆ, ಮರಳಿ ಬರುವುದೇ ಇಲ್ಲ. ಗುನ್ನಾರ್ ಮನೆಗೆ ಬಂದು ಅಲ್ಲಿಯೇ ಸಾಯುತ್ತಾನೆ.

ಹತ್ತೊಂಬತ್ತನೇ ಶತಮಾನದ ಕವಿ ಯೋನಾಸ್ ಹಾಲ್‌ಗ್ರಿಮ್ಸನ್ ಈ ಪ್ರಸಂಗದ ಮೇಲೆ ಬರೆದ ಕವಿತೆ ಅದನ್ನು ದೇಶಪ್ರೇಮದ ಕಥೆ ಮಾಡಿತು. ಪರದೇಶಕ್ಕಿಂತ ತಾಯ್ನಾಡಿನ ಸಾವು ಮೇಲು ಎಂಬ ಓದು. ಸಾಗಾ ಮಾತ್ರ ಕಾರಣ ಹೇಳುವುದಿಲ್ಲ, ಹೇಳದಿರುವುದೇ ಅದರ ರೀತಿ. ಹೆಂಡತಿ ಹಾಲ್‌ಗೆರ್ದುರಳ ಮೋಹ ಎಂದವರಿದ್ದಾರೆ, ಹಟ ಎಂದವರಿದ್ದಾರೆ. ಹ್ಲೀದಾರೆಂದಿಯ ಆ ಇಳಿಜಾರಿಗೆ ಹೆದ್ದಾರಿಯಿಂದ ಸ್ವಲ್ಪ ಒಳಗೆ ತಿರುಗಿ ಹೋಗಬಹುದು. ಕಾರು ನಿಲ್ಲಿಸಿ ಇಳಿದಾಗ ನನಗೆ ಹೊಳೆದದ್ದು ಬಹಳ ಸಣ್ಣ ಸಂಗತಿ. ಗುನ್ನಾರ್ ಕುದುರೆಯ ಮೇಲಿದ್ದಾಗ ಆ ಇಳಿಜಾರನ್ನು ನೋಡಿರಲಿಲ್ಲ. ಇಳಿದ ಮೇಲೆ ಕಂಡಿತು. ಕುದುರೆ ಮುಗ್ಗರಿಸದಿದ್ದರೆ ಅವನು ಹಡಗು ಹತ್ತಿಬಿಡುತ್ತಿದ್ದ. ಸಾಗಾಕಾರ ನಿರ್ಧಾರವನ್ನು ಮನಸ್ಸಿನಲ್ಲಿಟ್ಟಿಲ್ಲ, ಕುದುರೆಯ ಕಾಲಿನಲ್ಲಿಟ್ಟಿದ್ದಾನೆ. ಲಗಾಮು ಹಿಡಿದವನ ಕೈ ಒಂದು ಕ್ಷಣ ಖಾಲಿಯಾಗಬೇಕು, ಆಗ ಮಾತ್ರ ಜಗತ್ತು ಕಾಣುತ್ತದೆ ಎಂದು ನಾನು ಆ ಪ್ರಸಂಗವನ್ನು ಓದುತ್ತೇನೆ.

ಇದಕ್ಕೆ ಎದುರಾದ ಕಥೆಯೊಂದು ಅದೇ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಸಿಗುತ್ತದೆ. ಥೋರ್‌ಬೆರ್ಗುರ್ ಥೋರ್ದಾರ್ಸನ್ ಹುಟ್ಟಿದ ಹಾಲಿ ಎಂಬ ಹಳ್ಳಿಯಲ್ಲಿ ಅವನ ಹೆಸರಿನ ಸಂಗ್ರಹಾಲಯವಿದೆ. ಹೊರಗೋಡೆಯನ್ನು ಕಪಾಟಿನಲ್ಲಿ ಸಾಲಾಗಿಟ್ಟ ದೈತ್ಯ ಪುಸ್ತಕಗಳ ಬೆನ್ನಿನ ಹಾಗೆ ಕಟ್ಟಿದ್ದಾರೆ. ಅವನ 1938ರ ಆತ್ಮಕಥನದ ಇಂಗ್ಲಿಷ್ ಅನುವಾದ 1967ರಲ್ಲಿ ಬಂದಿದೆ. 1912ರಲ್ಲಿ ಅವನು ಉತ್ತರದಿಂದ ರೆಯ್ಕ್ಯಾವಿಕ್‌ಗೆ ನಡೆದು ಬರುತ್ತಾನೆ. ದಾರಿಯಲ್ಲಿ ತಾನು ಪ್ರೀತಿಸುವ ಹುಡುಗಿಯ ಮನೆ. ಅವಳನ್ನು ನೋಡುವುದೇ ನಡಿಗೆಯ ಉದ್ದೇಶ. ಆದರೆ ಮನೆ ಹತ್ತಿರ ಬಂದಾಗ ಏನೋ ಸಂಕೋಚ, ಏನೋ ಲೆಕ್ಕಾಚಾರ, ಒಳಗೆ ಹೋಗದೆ ಮುಂದೆ ನಡೆದುಬಿಡುತ್ತಾನೆ. ಅಲ್ಲಿಯ ಓದುಗರಿಗೆ ಈ ‘ದಾಟಿ ಹೋದದ್ದು’ ತುಂಬಾ ಪ್ರಸಿದ್ಧ ಪ್ರಸಂಗ. ತನ್ನ ಹೇಡಿತನವನ್ನು ಇಷ್ಟು ನಗುತ್ತಾ, ಇಷ್ಟು ಕರಾರುವಾಕ್ಕಾಗಿ ಬರೆದವರು ಕಡಿಮೆ. ಗುನ್ನಾರ್ ನಿಂತು ಸತ್ತ. ಥೋರ್‌ಬೆರ್ಗುರ್ ನಿಲ್ಲದೆ ಹೋಗಿ, ನಿಲ್ಲದಿದ್ದುದನ್ನೇ ಬರೆದು ಉಳಿದ. ದಾರಿಯಿಲ್ಲದ ಊರಿನಲ್ಲಿ ಹುಟ್ಟಿದ ಅವನು ತೀರಿಕೊಂಡದ್ದು 1974ರಲ್ಲಿ, ಸುತ್ತುರಸ್ತೆ ಮುಗಿದ ವರ್ಷ.

ನಮ್ಮ ಸ್ವಂತ ಚಾಲನೆಯ ಬರಹಗಳಲ್ಲಿ ನಾನು ಹುಡುಕುವುದು ಈ ದಾಟಿ ಹೋದದ್ದನ್ನು. ಎಲ್ಲರೂ ಕಂಡದ್ದನ್ನು ಬರೆಯುತ್ತಾರೆ. 90ರ ವೇಗದಲ್ಲಿ ಕಾಣದೆ ಹೋದದ್ದೆಷ್ಟು, ನಿಲ್ಲಬೇಕೆನಿಸಿ ನಿಲ್ಲದ ಮನೆ ಯಾವುದು, ಹೆದರಿದ್ದು ಎಲ್ಲಿ, ಆಗ ಕೈ ಹಿಡಿದವರು ಯಾರು, ಇದು ಬರಹಕ್ಕೆ ಬರುವುದಿಲ್ಲ.

ನನ್ನದನ್ನು ಹೇಳಿಬಿಡುತ್ತೇನೆ. ಮೂರನೇ ದಿನ ಒಂದು ಪಾರ್ಕಿಂಗಿನಿಂದ ಹೊರಗೆ ಬಂದು ಅಭ್ಯಾಸಬಲದಿಂದ ಎಡಗಡೆಯೇ ಹೊರಟೆ. ರಸ್ತೆ ಖಾಲಿಯಿತ್ತು, ಆದ್ದರಿಂದ ತಪ್ಪು ತಿಳಿಯಲಿಲ್ಲ. ಎದುರಿನಿಂದ ಬಂದ ಹಳೆಯ ಜೀಪೊಂದು ದೂರದಲ್ಲೇ ದೀಪ ಮಿಟುಕಿಸಿ ನಿಂತಿತು. ನಾನೂ ನಿಂತೆ. ಒಳಗಿದ್ದ ಮುದುಕ ಕಿಟಕಿ ಇಳಿಸಿ, ಬೈಯದೆ, ಅಂಗೈಯಿಂದ ಬಲಕ್ಕೆ ಬಲಕ್ಕೆ ಎಂದು ಸನ್ನೆ ಮಾಡಿದ. ಮಗುವಿಗೆ ರಸ್ತೆ ದಾಟಿಸುವ ಹಾಗೆ. ನಾನು ಸರಿದುಕೊಳ್ಳುವವರೆಗೆ ಅಲುಗಾಡದೆ ಕಾದ. ಎಷ್ಟೋ ಹೊತ್ತು ನನ್ನ ಕಾಲು ನಡುಗುತ್ತಿತ್ತು. ಅವನ ಹೆಸರು ಗೊತ್ತಿಲ್ಲ. ಗುಂಪಿಗೆ ಆ ಸಂಜೆ ಹಾಕಿದ ಫೋಟೋದಲ್ಲಿ ಜಲಪಾತ ಇತ್ತು, ಅವನಿರಲಿಲ್ಲ.

ಅದಾದ ಮೇಲೆ ಸೇತುವೆಗಳು ಬೇರೆ ಥರ ಕಂಡವು. ಸುತ್ತುರಸ್ತೆಯ ಹಲವು ಸೇತುವೆಗಳು ಒಂದೇ ಕಾರಿಗೆ ಆಗುವಷ್ಟು ಅಗಲ. ‘ಐನ್‌ಬ್ರೇದ್ ಬ್ರೂ’ ಎಂಬ ಫಲಕ ಬಂದರೆ ವೇಗ ಇಳಿಸಿ ಆಚೆ ದಡ ನೋಡಬೇಕು. ಸೇತುವೆಗೆ ಯಾರು ಹತ್ತಿರವೋ ಅವರು ಮೊದಲು. ಅಳತೆಪಟ್ಟಿ ಇಲ್ಲ, ಪೊಲೀಸಿಲ್ಲ. ಇಬ್ಬರು ಅಪರಿಚಿತರು ದೂರದಿಂದ ಒಬ್ಬರನ್ನೊಬ್ಬರು ಅಂದಾಜು ಮಾಡಿ ಒಪ್ಪಂದಕ್ಕೆ ಬರಬೇಕು. ದಾಟುವಾಗ ಸ್ಟಿಯರಿಂಗಿನಿಂದ ಎರಡು ಬೆರಳು ಎತ್ತುವುದು ವಂದನೆ. ಒಬ್ಬಳೇ ಹೋದ ಆ ಒಂಬತ್ತು ದಿನಗಳಲ್ಲಿ ನಾನು ದಿನವೂ ಎದುರಿನವರ ಮನಸ್ಸು ಓದುತ್ತಾ ಕಳೆದೆ. ಮೈಸೂರಿನ ಬೀದಿಯಲ್ಲಿ ಅಷ್ಟು ಗಮನ ಕೊಟ್ಟವಳಲ್ಲ.

ಹಾಗಾದರೆ ಸ್ಟಿಯರಿಂಗ್ ಹಿಡಿದ ‘ನಾನು’ ಕಿಟಕಿ ಪಕ್ಕದ ‘ನಾನು’ವಿಗಿಂತ ಕೀಳೇ? ಹಾಗನ್ನಿಸುವುದಿಲ್ಲ. ಅದಕ್ಕೆ ಕಾಣುವುದು ಬೇರೆ. ದೃಶ್ಯ ಕಡಿಮೆ, ಹೊಣೆ ಹೆಚ್ಚು. ಗಾಳಿಯ ದಿಕ್ಕು, ಕುರಿಯ ಚಲನೆ, ಎದುರಿನ ದೀಪ, ತನ್ನ ದಣಿವು, ಇವು ಅದರ ಸಾಮಗ್ರಿ. ತೊಂದರೆಯಿರುವುದು ಸ್ಟಿಯರಿಂಗ್ ಹಿಡಿದವರು ಕಿಟಕಿ ಪಕ್ಕ ಕೂತವರ ಹಾಗೆ ಬರೆಯುವುದರಲ್ಲಿ. ಕೈಯಲ್ಲಿದ್ದುದನ್ನು ಬಿಟ್ಟು, ನೋಡಲಾಗದ್ದನ್ನು ಫೋಟೋ ನೋಡಿಕೊಂಡು ವರ್ಣಿಸುವುದರಲ್ಲಿ. ಕಾರಂತ, ಗೊರೂರರಿಂದ ಕಲಿಯಬೇಕಾದ್ದು ವರ್ಣನೆಯಲ್ಲ. ತಾವು ಎಲ್ಲಿ ಕೂತಿದ್ದೇವೆ ಎಂಬುದನ್ನು ಅವರು ಓದುಗರಿಂದ ಬಚ್ಚಿಡುವುದಿಲ್ಲ, ಆ ಗುಣವನ್ನು.

ಊರಿಗೆ ಬಂದು ಎರಡು ವಾರದ ಮೇಲೆ ಅಮ್ಮನಿಗೆ ನಿಜ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

‘ಗೊತ್ತಿತ್ತು ಬಿಡು.’

‘ಯಾರು ಹೇಳಿದ್ರು?’

‘ಯಾರೂ ಹೇಳ್ಲಿಲ್ಲ. ಅಷ್ಟೊಂದು ಫೋಟೋ ಕಳಿಸಿದೆ. ಒಂದ್ರಲ್ಲೂ ನೀನಿಲ್ಲ. ಜೊತೆಗೆ ಜನ ಇದ್ದಿದ್ರೆ ಯಾರಾದ್ರೂ ನಿಂದೊಂದು ತೆಗೀತಿರ್ಲಿಲ್ವಾ?’

ನಾನು ಸುಮ್ಮನೆ ಕೂತು ಕಾಯಿ ಸುಲಿಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, ‘ಭಯ ಆಯ್ತಾ?’ ಜೀಪಿನ ಮುದುಕನ ವಿಷಯ ಹೇಳಿದೆ. ‘ಅದನ್ನ ಬರಿ’ ಅಂದಳು.